ಎಲೆ ಲಾರಿ ಮತ್ತು ಸೂಕ್ತ ಕ್ರಮ

ಯೋಚಿಸದೆ ಬರೆದರೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಸೋಲೂರಿನ ಕಡೆಯ ಬೆಟ್ಟದ ಮೇಲಿನ ನಮ್ಮ ಟೀ ಫ್ಯಾಕ್ಟರಿಯಲ್ಲಿ ವಾರಕ್ಕೊಮ್ಮೆಯಾದರೂ ಆಗುತ್ತದೆ. ಸಣ್ಣ ಬೆಳೆಗಾರರ ಫೋನು ಎತ್ತಿ, ಹೇಳಿದ್ದನ್ನು ಕೇಳಿ, ತಾನೇ ಕೆಲಸ ಮಾಡುವ ಎಐ ಒಂದನ್ನು ಇಲ್ಲಿ ಇಟ್ಟಿದ್ದಾರೆ. ಅದರ ಕೈಗೆ ನಾಲ್ಕು ಟೂಲ್ ಕೊಟ್ಟಿದೆ: ಎಲೆ ತರಲು ಲಾರಿ ಕಳಿಸುವುದು, ಒಂದು ದಿನದ ಲಾರಿ ನಿಲ್ಲಿಸುವುದು, ಪಟ್ಟಿಯಿಂದ ಹೆಸರು ತೆಗೆಯುವುದು, ದೂರು ನೋಡಿಕೊಳ್ಳುವುದು. ಯಾವುದನ್ನು ಯಾವಾಗ ಬಳಸಬೇಕೆಂದು ಅದಕ್ಕೆ ತಿಳಿಯುವುದು ಟೂಲಿನ ಜೊತೆ ಬರೆದ ವಿವರಣೆಯಿಂದ ಮಾತ್ರ. ಅದನ್ನು ಬರೆಯಲೆಂದೇ ಎಂ.ಎ. ಓದಿದ ನನ್ನನ್ನು ಸೇರಿಸಿಕೊಂಡರು. ಬರೆದದ್ದು ಮ್ಯಾನೇಜರು.

ಬೇಲಿ

ಲಾರಿ ಕಳಿಸುವ ಟೂಲಿಗೆ ಮ್ಯಾನೇಜರು ಬರೆದ ಪೂರ್ತಿ ವಿವರಣೆ: ‘ಲಾರಿಗೆ ಸಂಬಂಧಿಸಿದ್ದು.’ ಸಾಲದು ಅಂದೆ. ಲಾರಿ ಅಂದರೆ ಏನೆಂದು ಯಾರಿಗೆ ಗೊತ್ತಿಲ್ಲ ಅಂದರು.

ಮರುದಿನ ಬೆಳೆಗಾರನೊಬ್ಬ ಫೋನು ಮಾಡಿ, ನಿಮ್ಮ ಲಾರಿ ನನ್ನ ಬೇಲಿ ಮುರಿದಿದೆ ಎಂದು ಬೈದ. ವಿಷಯ ಲಾರಿಗೆ ಸಂಬಂಧಿಸಿದ್ದು. ಎಐ ಅವನ ಮನೆಗೆ ಅದೇ ಲಾರಿ ಕಳಿಸಿತು. ತಿರುಗಿಸುವಾಗ ಉಳಿದ ಬೇಲಿಯೂ ಹೋಯಿತು.

ಗಾಂಭೀರ್ಯ

ಇದಾದ ಮೇಲೆ ವಿವರಣೆ ಉದ್ದವಾಗಬೇಕು ಎಂದು ಮ್ಯಾನೇಜರು ಒಪ್ಪಿದರು. ಉದ್ದ ಮಾಡಿದವರೂ ಅವರೇ: ‘ಬೆಳೆಗಾರರ ಹಿತದೃಷ್ಟಿಯಿಂದ ಸೂಕ್ತ ಕ್ರಮ ಕೈಗೊಳ್ಳುವುದು.’ ಲಾರಿ ಕಳಿಸುವುದಕ್ಕೂ ಇದೇ, ನಿಲ್ಲಿಸುವುದಕ್ಕೂ ಇದೇ, ಹೆಸರು ತೆಗೆಯುವುದಕ್ಕೂ ಇದೇ, ದೂರಿಗೂ ಇದೇ.

ನಾಲ್ಕೂ ಒಂದೇ ಥರ ಇದ್ದರೆ ಅದು ಹೇಗೆ ಆರಿಸಬೇಕು ಎಂದು ಕೇಳಿದೆ.

“ಅದಕ್ಕೆ ಬುದ್ಧಿ ಇದೆ ಅಂತ ತಾನೇ ತಂದದ್ದು?”

ಬುದ್ಧಿಯ ಖರ್ಚು ಪೂರ್ತಿ ಅದರದ್ದೇ ಎಂದು ತೀರ್ಮಾನವಾಯಿತು. ಸಂಬಳ ನನ್ನದಾದ್ದರಿಂದ ನಾನು ಟೈಪ್ ಮಾಡಿದೆ.

ಸಾವು

ನಮ್ಮ ಕಡೆ ಹಟ್ಟಿಯಲ್ಲಿ ಯಾರಾದರೂ ತೀರಿಕೊಂಡರೆ ಆ ದಿನ ಇಡೀ ಹಟ್ಟಿ ಎಲೆ ಕೀಳುವುದಿಲ್ಲ. ಒಂದು ಹಟ್ಟಿಯ ಶೆಡ್ಡಿನಲ್ಲಿ ಎಲೆ ತೂಗುವ ಅಕ್ಕ ಫೋನು ಮಾಡಿ, ಇಲ್ಲಿ ಸಾವಾಗಿದೆ, ಎಲೆ ಇಲ್ಲ, ಲಾರಿ ಬೇಡ ಅಂದರು. ಎಐ ಬಹಳ ಸೊಗಸಾಗಿ ಸಂತಾಪ ಹೇಳಿತು. ಆಮೇಲೆ ಸೂಕ್ತ ಕ್ರಮ ಕೈಗೊಂಡು ಹಟ್ಟಿಯವರೆಲ್ಲರ ಹೆಸರನ್ನೂ ಪಟ್ಟಿಯಿಂದ ತೆಗೆಯಿತು.

ಮರುದಿನ ಎಲ್ಲರೂ ಕಿತ್ತು ತಂದರು. ಲಾರಿ ಬರಲಿಲ್ಲ. ಕಿತ್ತ ಎಲೆ ಚೀಲದಲ್ಲೇ ಉಳಿದರೆ ಬಿಸಿಯಾಗಿ ಕೆಂಪಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಚೀಲದೊಳಗೆ ಕೈ ಇಡಲಾಗುತ್ತಿರಲಿಲ್ಲ. ಅಕ್ಕ ಮತ್ತೆ ಫೋನು ಮಾಡಿದರು. ಆ ಹಟ್ಟಿಯಲ್ಲಿ ಯಾವ ಬೆಳೆಗಾರರೂ ಇಲ್ಲ ಎಂದು ಎಐ ವಿನಯದಿಂದ ಹೇಳಿತು.

“ಸತ್ತದ್ದು ಒಬ್ಬರು ಕಣೋ,” ಅಂದರು ಅಕ್ಕ. “ನೀನು ಹಟ್ಟಿಯನ್ನೇ ಹೂತುಬಿಟ್ಟೆಯಲ್ಲ.”

ಸೂಕ್ತ ಕ್ರಮ

ಸಂಜೆಯೊಳಗೆ ಅಕ್ಕ ಒಂದು ಚೀಲ ಹೊತ್ತುಕೊಂಡು ಬಸ್ಸಿನಲ್ಲಿ ಬಂದು ಮ್ಯಾನೇಜರ ಮೇಜಿನ ಮೇಲೆ ಸುರಿದರು. ಫೈಲುಗಳ ಮೇಲೆ ಹಬೆ ಎದ್ದಿತು. ಇದು ಯಂತ್ರದ ತಪ್ಪು ಎಂದು ಮ್ಯಾನೇಜರು ಶುರುಮಾಡಿದರು. ಅಕ್ಕ ಅವರನ್ನು ಬಿಟ್ಟು ನನ್ನನ್ನು ಕೇಳಿದರು:

“ಅದಕ್ಕೆ ನೀವು ಏನಂತ ಹೇಳಿಕೊಟ್ಟಿದ್ದಿರಿ ತಮ್ಮಾ?”

ಟೂಲಿನ ವಿವರಣೆ ಓದಿ ಹೇಳಿದೆ. ಓದುವಾಗ ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು. ಅರ್ಧ ನನ್ನ ಮೇಲೆ.

“ಹೊಸ ಡ್ರೈವರ್ ಬಂದರೆ ನಾನು ಹೇಳೋದು ಇಷ್ಟೇ,” ಅಂದರು. “ಸಾವಾದರೆ ಆ ಒಂದು ದಿನ ಬರಬೇಡ, ಮರುದಿನ ಬಾ. ಬೆಳೆಗಾರ ತಾನೇ ಕೇಳದೆ ಅವನ ಹೆಸರು ಮುಟ್ಟಬೇಡ. ತಿಳಿಯದಿದ್ದರೆ ಮ್ಯಾನೇಜರನ್ನ ಕೇಳು, ನೀನೇ ಊಹೆ ಮಾಡಬೇಡ.”

ಒಂದಕ್ಷರ ಬಿಡದೆ ಟೈಪ್ ಮಾಡಿದೆ; ಕೊನೆಯ ಮಾತನ್ನು ನಾಲ್ಕೂ ಟೂಲಿಗೆ ಸೇರಿಸಿದೆ. ಹೆಸರುಗಳು ಪಟ್ಟಿಗೆ ವಾಪಸು ಬಂದವು. ಎಲೆ ವಾಪಸು ಬರಲಿಲ್ಲ. ಹಟ್ಟಿಯಲ್ಲಿ ಉಳಿದದ್ದು ಟೀ ಗಿಡಗಳ ಬುಡಕ್ಕೇ ಗೊಬ್ಬರವಾಯಿತು. ದೂರಿನ ಟೂಲಿಗೆ ಮಾತ್ರ ‘ಸೂಕ್ತ ಕ್ರಮ’ ಇರಲಿ, ಗಾಂಭೀರ್ಯ ಇದೆ ಎಂದು ಮ್ಯಾನೇಜರು ಹಟ ಹಿಡಿದರು.

ಹಾಳಾದ ಎಲೆಗೆ ಹೊಣೆ ಯಾರು ಎಂದು ಅಕ್ಕ ಕೇಳಿದಾಗ, ಫೋನಿನಲ್ಲಿ ದೂರು ಕೊಡಿ, ಸೂಕ್ತ ಕ್ರಮ ಆಗುತ್ತದೆ ಅಂದರು ಮ್ಯಾನೇಜರು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತು ಫೋನು ಮಾಡಿ ದೂರು ಕೊಟ್ಟರು. ಇಟ್ಟ ಕೂಡಲೇ ಮ್ಯಾನೇಜರ ಫೋನು ರಿಂಗಾಯಿತು. ಸ್ಪೀಕರಿನಲ್ಲಿ ಎಐ.

“ಸಾರ್, ಎಲೆ ಹಾಳಾದ ಬಗ್ಗೆ ದೂರು ಬಂದಿದೆ. ಸೂಕ್ತ ಕ್ರಮ ಕೈಗೊಳ್ಳಲು ಬರೆದಿದೆ. ಅಂದರೆ ಏನು ಮಾಡಬೇಕು? ಊಹೆ ಮಾಡಬೇಡ ಎಂದೂ ಬರೆದಿದೆ.”

ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಹಬೆ ನೋಡಿದೆ.

“ಆಮೇಲೆ ಹೇಳ್ತೀನಿ.”

“ಆಮೇಲೆ ಅಂದರೆ ಎಷ್ಟು ಗಂಟೆಗೆ, ಸಾರ್?”

ಅಕ್ಕ ಬೆಂಚಿನ ಮೇಲೆ ಕಾಲು ಮಡಚಿ ಸರಿಯಾಗಿ ಕೂತರು. “ಈಗ ಬುದ್ಧಿ ಬಂತು ನೋಡು ಇದಕ್ಕೆ,” ಅಂದರು. “ಹೇಳಿ ಸಾರ್, ನಾನೂ ಕೇಳ್ತೀನಿ.”