ಗೂಡಿನಲ್ಲಿದ್ದ ಕಬ್ಬಿಣದ ಸೀತಾಫಲ

ನಾನು ಹೆದರುಪುಕ್ಕಲಿ ಅಲ್ಲ, ನಾಚಿಕೆಯವಳು. ಎರಡಕ್ಕೂ ವ್ಯತ್ಯಾಸವಿದೆ ಮಕ್ಕಳೇ. ಹೆದರುವವರು ಬಾಂಬು ಕಂಡರೆ ಓಡಿಹೋಗುತ್ತಾರೆ. ನಾಚಿಕೆಯವರು ಇದರ ವಿಷಯ ಪೊಲೀಸರ ಹತ್ತಿರ ಹೇಗಪ್ಪಾ ಬಾಯಿಬಿಡೋದು ಅಂತ ಯೋಚಿಸುತ್ತಾ, ಅದರ ಪಕ್ಕದಲ್ಲೇ ಹುಣಸೆಹಣ್ಣು ಬಿಡಿಸುತ್ತಾ ಕೂತಿರುತ್ತಾರೆ.

ನಿಮ್ಮ ತಾತ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಗುಜರಿ ಅಂಗಡಿ ಕಂಡರೆ ಅವರಿಗೆ ದೇವಸ್ಥಾನ ಕಂಡಷ್ಟು ಭಕ್ತಿ. ಬೇರೆಯವರ ಗಂಡಂದಿರು ಕೋಲಾರಕ್ಕೆ ಹೋದರೆ ಹೂವು ತರುತ್ತಿದ್ದರು, ಇವರು ಹಳೇ ಯುದ್ಧಗಳ ಕೈಬಾಂಬು ತರುತ್ತಿದ್ದರು. ಜೊತೆಗೆ ನನಗೆ ಪಾಠ ಬೇರೆ. ಪಕ್ಕದಲ್ಲಿ ತೂತು ಕೊರೆದಿದ್ದರೆ ಸಿಪಾಯಿಗಳ ಅಭ್ಯಾಸದ್ದು, ಒಳಗೆ ಖಾಲಿ. ಮೈಸುತ್ತ ಕೆಂಪು ಪಟ್ಟೆ ಇದ್ದರೆ ಹತ್ತಿರ ಹೋಗಬಾರದು. ನಾನು ಸೊಪ್ಪು ಸೋಸುತ್ತಾ ಹೂಂಗುಟ್ಟುತ್ತಿದ್ದೆ. ತೂತಿದ್ದವನ್ನೆಲ್ಲ ಅವರೇ ಬದುಕಿದ್ದಾಗ ಸ್ನೇಹಿತರಿಗೆ ಹಂಚಿದರು. ಉಳಿದದ್ದು ಒಂದೇ, ಗೋಡೆಯ ಗೂಡಿನಲ್ಲಿ ದೀಪದ ಜಾಗದಲ್ಲಿ ಕೂತಿದ್ದದ್ದು.

ಅದು ದುಂಡಗೆ, ಮೈತುಂಬ ಕಣ್ಣುಕಣ್ಣಾಗಿ, ಥೇಟ್ ಸೀತಾಫಲ. ಮೊದಲನೇ ಮಹಾಯುದ್ಧ ಶುರುವಾದ ಹೊಸದರಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ ಎಸೆಯುತ್ತಿದ್ದರಂತೆ, ಬಲು ಅಪರೂಪವಂತೆ. ತೂತೂ ಇಲ್ಲ, ಪಟ್ಟೆಯೂ ಇಲ್ಲ, ಬಾಯನ್ನು ತುಕ್ಕು ಮುಚ್ಚಿತ್ತು. ಒಳಗೆ ಏನಿದೆ ಅಂತ ಕೇಳಿದರೆ ತಾತ ನಗುತ್ತಾ, "ತುಂಬಿದವನನ್ನೇ ಕೇಳಬೇಕು ಕಣೇ" ಅನ್ನುತ್ತಿದ್ದರು. ಅವರು ಹೋಗಿ ಮೂರು ವರ್ಷವಾಯಿತು. ಈಗ ಕೇಳಿಯೂ ಇರಬಹುದು. ನನಗೆ ಹೇಳಿ ಕಳಿಸುವ ದಾರಿ ಇಲ್ಲ, ಅಷ್ಟೆ.

ಹೀಗಂದುಕೊಂಡೇ ಒಂದು ಮಧ್ಯಾಹ್ನ ಧೂಳು ಒರೆಸುವಾಗ ಅದನ್ನು ಕೈಗೆ ತೆಗೆದುಕೊಂಡೆ. ಹೊರಗೆ ಸುಡುಬಿಸಿಲು, ಅದು ಮಾತ್ರ ಬಾವಿ ನೀರಿನಂತೆ ತಣ್ಣಗಿತ್ತು. ಕೊಬ್ಬರಿ ಒಣಗಿದೆಯಾ ಅಂತ ನೋಡುವವರು ಏನು ಮಾಡುತ್ತಾರೋ ಅದನ್ನೇ ಕೈ ತಾನಾಗಿ ಮಾಡಿತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ಏನೋ ಕಟಕಟ ಅಂದಿತು.

ನನ್ನ ವಾರಗಿತ್ತಿ ರತ್ನಮ್ಮ ನಮ್ಮ ಜೊತೆಗೇ ಇರೋದು ನಿಮಗೆ ಗೊತ್ತು. ಆಂಧ್ರದ ಕಡೆಯವಳು, ಗಾಬರಿಯಾದರೆ ಕನ್ನಡ ಮರೆಯುತ್ತಾಳೆ. ಅವಳೂ ಅಲ್ಲಾಡಿಸಿ ನೋಡಿದಳು. ಅವಳಿಗೇನೂ ಕೇಳಿಸಲಿಲ್ಲ. ಮತ್ತೆ ನಾನು ಅಲ್ಲಾಡಿಸಿದರೆ ಕಟಕಟ. ಅವಳು ನನ್ನನ್ನೂ ಗೂಡನ್ನೂ ನೋಡಿ, "ಅಕ್ಕಾ, ಅದಿ ನೀತೋನೇ ಮಾಟ್ಲಾಡ್ತಾ ಉಂದಿ" ಅಂದಳು. ಅದು ನನ್ನ ಜೊತೆ ಮಾತ್ರ ಮಾತಾಡುತ್ತಿದೆಯಂತೆ. ಆಮೇಲೆ ಆ ಕೋಣೆಗೇ ಬರಲಿಲ್ಲ.

ಫೋನಿನಲ್ಲಿ ಈ ಸುದ್ದಿ ಕೇಳಿದ ನಿಮ್ಮಮ್ಮ, ಅದು ಮನೆ ಬಿಟ್ಟು ಹೋಗುವ ತನಕ ದಸರಾ ರಜೆಗೆ ಮಕ್ಕಳನ್ನು ಮುಳಬಾಗಿಲಿಗೆ ಕಳಿಸುವುದಿಲ್ಲ ಅಂದುಬಿಟ್ಟಳು. ಇಲ್ಲದಿದ್ದರೆ ನಾನೆಲ್ಲಿ ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದೆ? ಮಾಡಿದೆ. ಆ ಕಡೆ ಗಂಡಸಿನ ಧ್ವನಿ ಕೇಳಿದ್ದೇ ತಡ, ಬಾಂಬು ಅನ್ನುವ ಪದ ಗಂಟಲಲ್ಲೇ ನಿಂತಿತು. ನಾಚಿಕೆಯಲ್ಲಿ, "ಮನೇಲಿ ಸೀತಾಫಲ ಇದೆ ಸಾರ್, ಭಯ ಆಗ್ತಿದೆ" ಅಂದೆ.

"ತಿಂದ್ಬಿಡಿ ಅಜ್ಜಿ" ಅಂತ ಅವರು ಇಟ್ಟುಬಿಟ್ಟರು.

ಎರಡನೇ ಸಲ ರತ್ನಮ್ಮ ಮಾತಾಡಿದಳು. ಅವಳ ತೆಲುಗಿಗೆ ಒಂದು ಜೀಪು, ಒಂದು ವ್ಯಾನು, ಒಂದು ನಾಯಿ ಬಂದವು. ಬೀದಿಯನ್ನೆಲ್ಲ ಖಾಲಿ ಮಾಡಿಸಿದರು. ಅಲ್ಲಾಡಿಸಿದೆ ಅಂದದ್ದಕ್ಕೆ ಅಧಿಕಾರಿ ಬೈದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ನೀವು ಮಾತ್ರ ಎಲ್ಲೇ ಇಂಥದ್ದು ಕಂಡರೂ ಮುಟ್ಟಬೇಡಿ. ಮರಳು ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿಕೊಂಡು ಹೋದರು. ನಿಮ್ಮ ತಾತನನ್ನೂ ಅದೇ ಬಾಗಿಲಿನಿಂದ, ಅಷ್ಟೇ ಮೆಲ್ಲಗೆ ಎತ್ತಿಕೊಂಡು ಹೋಗಿದ್ದರು.

ಮಾರನೆಯ ದಿನ ಅದೇ ಅಧಿಕಾರಿ ಬಂದರು. ಒಳಗೆ ಬರೀ ಮಣ್ಣಂತೆ, ಕಲ್ಲಿನ ಹಾಗೆ ಗಟ್ಟಿ ಕೂತಿತ್ತಂತೆ. "ಅದರಲ್ಲಿ ಅಲ್ಲಾಡೋಕೆ ಏನೂ ಇಲ್ಲಮ್ಮ" ಅಂದವರು ನನ್ನ ಬಾಯಿಯನ್ನೇ ನೋಡಿದರು. "ತಪ್ಪು ತಿಳ್ಕೋಬೇಡಿ, ಹಲ್ಲು ಕಟ್ಟಿಸಿದ್ದಾ?"

ಹೌದು, ಕಟ್ಟಿಸಿದ್ದು. ಸ್ವಲ್ಪ ಸಡಿಲ. ಅಲ್ಲಾಡಿಸುವ ಭರದಲ್ಲಿ ತಲೆಯನ್ನೂ ಅಲ್ಲಾಡಿಸಿದ್ದೆನೋ ಏನೋ. ರತ್ನಮ್ಮ ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಓಡಿದಳು. ಭೂಮಿ ಬಾಯಿಬಿಡಲಿ ಅನ್ನಿಸಿತು ನನಗೆ.

ಆದ್ದರಿಂದ ಧಾರಾಳವಾಗಿ ಬನ್ನಿ. ಚಕ್ಕುಲಿ, ನಿಪ್ಪಟ್ಟು ಮಾಡಿಟ್ಟಿದ್ದೇನೆ. ಗೂಡು ಖಾಲಿ, ನಾನೇ ತೊಳೆದು ದೀಪ ಇಟ್ಟಿದ್ದೇನೆ. ಇಷ್ಟು ಬರೆಯುವ ಹೊತ್ತಿಗೆ ಊಟ ಮುಗಿದಿದೆ. ರತ್ನಮ್ಮ ಮಲಗಿದ್ದಾಳೆ. ನನ್ನ ಹಲ್ಲುಗಳು ಅಡುಗೆಮನೆಯಲ್ಲಿ, ಬಟ್ಟಲಿನ ನೀರಿನಲ್ಲಿ ತೆಪ್ಪಗಿವೆ. ಎದ್ದು ಹೋಗಿ ಎರಡು ಸಲ ನೋಡಿಕೊಂಡು ಬಂದೆ. ಆದರೂ ಗೂಡಿನ ಕಡೆಯಿಂದ ಆಗಿನಿಂದ ಕಟಕಟ ಅನ್ನುತ್ತಲೇ ಇದೆ.

ನಿಮ್ಮಮ್ಮನಿಗೆ ಇದನ್ನು ಓದಿ ಹೇಳುವಾಗ ಹಲ್ಲಿನ ವಿಷಯದವರೆಗೆ ಓದಿ. ಅಷ್ಟು ಸಾಕು.