ಗುಂಡ್ಯಾನ ಹೊಟ್ಟೆಹುಳು ಪ್ರಕರಣ

ನನ್ನ ಬಿಳಿ ದುಪಟ್ಟಾದ ಮೇಲೆ ಒಂದು ಅಕ್ಕಿಕಾಳು ಬಿದ್ದಿತ್ತು. ಎತ್ತಿ ಹಾಕೋಣವೆಂದು ಬಗ್ಗಿದೆ. ಅಕ್ಕಿಕಾಳು ಉದ್ದವಾಯಿತು, ಗಿಡ್ಡವಾಯಿತು, ತುಸು ಮುಂದಕ್ಕೆ ಸರಿಯಿತು!

ನಾನು ಕಿರುಚಲಿಲ್ಲ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಜಮಖಂಡಿಯ ಕಾಲೇಜೊಂದರಲ್ಲಿ ಲಾಡಿಹುಳುವಿನ ಜೀವನಚಕ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಪಾಠ ಮಾಡುವವಳು. ದುಪಟ್ಟಾವನ್ನು ಎರಡು ಬೆರಳಲ್ಲಿ ಹಿಡಿದು ಬಕೆಟ್ಟಿಗೆ ಹಾಕಿದೆ. ಕುದಿಯುವ ನೀರು ಸುರಿದೆ. ಬಕೆಟ್ಟನ್ನು ಹಿತ್ತಲಿಗೆ ಸಾಗಿಸಿದ ಮೇಲೆ ಮಾತ್ರ ಕೈಯನ್ನು ಮೂರು ಸಲ ಸಾಬೂನು ಹಚ್ಚಿ ತೊಳೆದೆ. ಆ ದುಪಟ್ಟಾದ ಮೇಲೆ ಮಲಗಿ ಎದ್ದುಹೋದವನು ನಮ್ಮ ಬೆಕ್ಕು, ಗುಂಡ್ಯಾ.

ನಮ್ಮ ಬೆಕ್ಕು ಎನ್ನುವುದು ಸ್ವಲ್ಪ ಹೆಚ್ಚಾಯಿತು. ಗುಂಡ್ಯಾ ಬೆಳಗಿನ ಹಾಲು ಕುಡಿಯುವುದು ಎಡಮನೆಯ ಶಾಂತವ್ವ ಕಾಕುವಿನ ಹತ್ತಿರ. ಮಧ್ಯಾಹ್ನದ ಊಟ ಬಲಮನೆಯ ಮಾಳಪ್ಪ ಕಾಕಾನ ಪಡಸಾಲೆಯಲ್ಲಿ. ನಿದ್ದೆ ಮಾತ್ರ ನಮ್ಮಲ್ಲಿ. ಇಂಥ ಬೆಕ್ಕಿನ ಹೊಟ್ಟೆ ಕೆಟ್ಟಿದೆ ಎಂದು ನಮ್ಮ ಓಣಿಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಆ ಮನೆಗಳ ಹಾಲು-ಊಟಕ್ಕೇ ಕೆಟ್ಟ ಹೆಸರಿಟ್ಟಂತೆ. ಆಮೇಲೆ ದೀಪಾವಳಿಗೆ ಉಂಡಿ-ಚಕ್ಕುಲಿಯ ಫರಾಳದ ತಾಟು ಆ ಮನೆಗಳಿಂದ ಬರುವುದಿಲ್ಲ! ಆದ್ದರಿಂದ ಈ ವಿಷಯವನ್ನು ನಾನೇ, ವೈಜ್ಞಾನಿಕವಾಗಿ, ಗುಟ್ಟಾಗಿ ಬಗೆಹರಿಸುವುದೆಂದು ತೀರ್ಮಾನಿಸಿದೆ. ಅವ್ವನಿಗಷ್ಟೇ ಹೇಳಿದೆ. ಅದೂ ಬಾಗಿಲು ಹಾಕಿ.

ದನದ ಔಷಧಿ ಅಂಗಡಿಯಲ್ಲಿ ರೈತರು ಮುತ್ತಿಕೊಂಡಿದ್ದರು. ಎಲ್ಲರ ಹಿಂದೆ ನಿಂತು, ನನ್ನ ಸರದಿ ಬಂದಾಗ ಮೆಲ್ಲಗೆ ಹೇಳಿದೆ: "ಹುಳದ ಔಷಧ ಬೇಕಾಗಿತ್ರಿ."

"ಎಮ್ಮಿಗ್ಯೋ, ಆಕಳಿಗ್ಯೋ?"

"ಬೆಕ್ಕಿಗೆ."

"ಆಂ? ಜೋರ ಹೇಳ್ರಿ ಮೇಡಂ."

"ಬೆಕ್ಕಿಗೆ ರೀ!"

ರೈತರೆಲ್ಲ ತಿರುಗಿ ನನ್ನನ್ನು ನೋಡಿದರು. ಅಂಗಡಿಯ ಸಾವಕಾರರು ಕಪಾಟಿನತ್ತ ಕೈ ತೋರಿಸಿದರು. ಎಮ್ಮೆಯ ಚಿತ್ರದ ಡಬ್ಬಿ, ಕುರಿಯ ಚಿತ್ರದ ಬಾಟಲಿ, ನಾಯಿಯ ಚಿತ್ರದ ಪೊಟ್ಟಣ.

"ಕುರೀದು ಒಯ್ಯಿರಿ. ನಾಕ ಹನಿ ಹಾಕಿದ್ರ ಆತು."

"ಬೆಕ್ಕು ಕುರಿ ಅಲ್ಲಲ್ರೀ?"

"ಹೊಟ್ಟಿ ಅಂದ್ರ ಹೊಟ್ಟೀನ ರೀ, ಮೇಡಂ!"

ಈ ಸಿದ್ಧಾಂತವನ್ನು ನಾನು ಒಪ್ಪಲಿಲ್ಲ. ಕಡೆಗೆ ಧೂಳು ಹಿಡಿದ ಒಂದು ಪೊಟ್ಟಣ ಕೆಳಗಿನ ಖಾನೆಯಿಂದ ಹೊರಬಿತ್ತು. ಮೇಲೆ ಬೆಕ್ಕಿನ ಚಿತ್ರ, ಒಳಗೆ ಗುಳಿಗೆ. ಅವಧಿ ಮುಗಿದಿರಲಿಲ್ಲ. ಮನೆಗೆ ಬಂದು ಒಳಗಿನ ಚೀಟಿ ಓದಿದೆ. ಓದಬಾರದಿತ್ತು. ಜೊಲ್ಲು, ವಾಂತಿ, ನಡುಕ ಎಂದು ಬರೆದಿತ್ತು. ಪ್ರಮಾಣ ಮೀರಿದರೆ ಏನಾಗುತ್ತದೆ ಎಂಬ ಸಾಲಿಗೆ ಬಂದಾಗ ಚೀಟಿ ಮಡಚಿಟ್ಟೆ. ಮತ್ತೆ ಬಿಚ್ಚಿದೆ. ಗುಂಡ್ಯಾನನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತೆ. ಮುಳ್ಳು ನಡುಗಿತು. ಆ ನಡುಕದಲ್ಲಿ ಅವನ ಪಾಲೆಷ್ಟು, ನನ್ನದೆಷ್ಟು, ಹೇಳಲಾರೆ.

"ಅವ್ವಾ, ಟವೆಲ್ಲಿನ್ಯಾಗ ಸುತ್ತಿ ಹಿಡಿ. ಗಟ್ಟಿ ಹಿಡಿಬ್ಯಾಡ, ಸಡ್ಲೂ ಬಿಡಬ್ಯಾಡ."

"ಹಂಗಂದ್ರ ಹ್ಯಾಂಗ ಬೇ? ನೀ ಹಿಡಿ, ಗುಳಿಗಿ ನಾ ಹಾಕ್ತೇನಿ."

"ನಿನಗ ಗೊತ್ತಾಗೂದಿಲ್ಲ."

"ಹೌದೌದು. ನಿನಗ ಕಹಿ ಔಷಧ ಕುಡಿಸಿ ದೊಡ್ಡಾಕಿನ್ನ ಮಾಡಿದ್ದು ನಾನಲ್ಲ, ನಿಮ್ಮ ಯುನಿವರ್ಸಿಟಿ!"

ಚೀಟಿಯಲ್ಲಿ ಹೇಳಿದ ಪ್ರಕಾರ ಬಾಯಿ ತೆರೆದೆ, ಗುಳಿಗೆ ಹಾಕಿದೆ, ಬಾಯಿ ಮುಚ್ಚಿ ಗಂಟಲು ಸವರಿದೆ. ಗುಂಡ್ಯಾ ಗುಟುಕ್ಕೆಂದ. ನಾನು ಅವ್ವನನ್ನು ಹೆಮ್ಮೆಯಿಂದ ನೋಡಿದೆ. ಅವ್ವ ಗುಂಡ್ಯಾನನ್ನು ಗಾಬರಿಯಿಂದ ನೋಡಿದಳು. ಅವನ ಬಾಯಿಂದ ಬುರುಬುರು ನೊರೆ! ಸಾಬೂನು ನುಂಗಿದವನಂತೆ ತಲೆ ಕೊಡವಿ, ಟವೆಲ್ಲಿನಿಂದ ಜಿಗಿದು, ಗೋಡೆ ಹಾರಿ ಮಾಯವಾದ.

"ಸತ್ತನೇನ ಬೇ ಅಂವ?" ಅವ್ವ ಕೇಳಿದಳು. ನಾನು ಆಗಲೇ ಎಡಮನೆಯ ಕಡೆ ಓಡಿದ್ದೆ.

ಶಾಂತವ್ವ ಕಾಕು ಕಟ್ಟೆಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. "ಕಾಕೂ, ಗುಂಡ್ಯಾನ್ನ ನೋಡಿದ್ರೇನು?"

"ಯಾಕ ತಂಗಿ, ಏನಾತು?" ಎಂದವಳು ನನ್ನ ಮುಖ ನೋಡಿ ಸೊಪ್ಪು ಕೆಳಗಿಟ್ಟಳು. "ಅಯ್ಯ, ನನ್ನ ಬೇವಿನ ರಸ ಜಾಸ್ತಿ ಆತೇನ?"

"ಯಾವ ಬೇವಿನ ರಸ?"

"ಮುಂಜಾನೆ ಕುಡಿಸಿದೆ. ಬಾಲದ ಬುಡಕ ಹುಳ ಕಂಡಿದ್ದವು. ನಿಮಗ ಹೇಳಿದ್ರ ಸಿಟ್ಟಾಗ್ತೀರಿ ಅಂತ..."

ಅಷ್ಟರಲ್ಲಿ ನಮ್ಮ ಮಾತು ಕೇಳಿಸಿಕೊಂಡು ಮಾಳಪ್ಪ ಕಾಕಾ ಹೊರಗೆ ಬಂದರು. ಅವರದು ಕುರಿ ಸಾಕಿದ ಮನೆತನ. ಈಗ ಕಾರ್ಖಾನೆಯಲ್ಲಿ ನೌಕರಿ, ಆದರೂ ಅಟ್ಟದ ಮೇಲೆ ಕುರಿ ಔಷಧಿಯ ಬಾಟಲಿ ಇದ್ದೇ ಇರುತ್ತದೆ. ಅವರು ತಲೆ ತಗ್ಗಿಸಿ ನಿಂತರು.

"ನೀವೂ?" ಎಂದೆ.

"ಒಂದ ಚಮಚಾ ಅಷ್ಟರೀ. ಮಧ್ಯಾಹ್ನ. ನಿಮ್ಮಿಬ್ಬರ ಮನಿಗೆ ಕೆಟ್ಟ ಹೆಸರ ಬರಬಾರದು ಅಂತ..."

ಒಂದು ಬೆಕ್ಕು. ಒಂದು ದಿನ. ಬೇವಿನ ರಸ, ಕುರಿ ಔಷಧ, ಅದರ ಮೇಲೆ ನನ್ನ ಗುಳಿಗೆ! ಮೂರು ಮನೆಯ ಮರ್ಯಾದೆ ಉಳಿಸಲು ಮೂವರೂ ಕೂಡಿ ಅದಕ್ಕೆ ವಿಷ ಹಾಕಿದ್ದೆವು. ಪಶುವೈದ್ಯರಿಗೆ ಫೋನ್ ಮಾಡಿದರೆ ಅವರೂ ಧೈರ್ಯ ಹೇಳಲಿಲ್ಲ: "ಮೂರೂ ಹೊಟ್ಟ್ಯಾಗ ಹೋಗಿದ್ರ ಕಷ್ಟ ಐತ್ರಿ. ಲಗೂನ ತರ್ರಿ. ಬಾಟ್ಲಿನೂ ತರ್ರಿ."

ತರಲು ಬೆಕ್ಕು ಬೇಕಲ್ಲ! ಹಾಗಾಗಿ ಆ ಸಂಜೆ, ಯಾರ ಮನೆಯ ಹೊಸ್ತಿಲನ್ನೂ ಕಾರಣವಿಲ್ಲದೆ ತುಳಿಯದ ನಾನು, ಕಂಡವರ ಮಂಚದ ಕೆಳಗೆಲ್ಲ ಬಗ್ಗಿ ನೋಡಿದೆ. ಮಾಳಪ್ಪ ಕಾಕಾ ಕುರಿ ಕರೆಯುವ ದನಿಯಲ್ಲಿ ಕೂಗಿದರು: "ಗುಂಡ್ಯಾ ಲೇ! ಎಲ್ಲಿ ಅದಿ ಲೇ!" ಕಾಕು ಅಳುತ್ತಿದ್ದಳು. ಅವ್ವ ನನ್ನನ್ನು ಬೈಯುತ್ತಿದ್ದಳು.

ಸಿಕ್ಕಿದ್ದು ಮಾಳಪ್ಪ ಕಾಕಾನ ಅಟ್ಟದ ಕಂಬಳಿಯಲ್ಲಿ. ಕಾಲು ಚಾಚಿ ಮಲಗಿದ್ದ. ಅಲುಗಾಡುತ್ತಿರಲಿಲ್ಲ. ಯಾರೂ ಮುಟ್ಟಲಿಲ್ಲ. ಎಲ್ಲರೂ ನನ್ನನ್ನು ನೋಡಿದರು, ಓದಿದವಳಲ್ಲವೇ! ಕೈ ಮುಂದೆ ಮಾಡಿದೆ. ಬೆರಳು ಅವನ ಮೈ ತಲುಪುವಷ್ಟರಲ್ಲಿ ನಾನು ನೆನೆಯದ ದೇವರಿಲ್ಲ. ಗುಂಡ್ಯಾ ಒಂದು ಕಣ್ಣು ತೆರೆದ. ನನ್ನನ್ನು ಗುರುತಿಸಿದ. ಪರಚಿದ!

ಬುಟ್ಟಿಯಲ್ಲಿ ಮುಚ್ಚಿ, ಎಲ್ಲರೂ ಒಂದೇ ಆಟೋದಲ್ಲಿ ತುರುಕಿಕೊಂಡು ಹೋದೆವು. ಡಾಕ್ಟರು ವಿಚಾರಣೆ ನಡೆಸಿದರು.

"ಬೇವಿನ ರಸ ಖರೇನ ನುಂಗ್ಯಾನೇನು?"

ಕಾಕು ಸೆರಗು ತೋರಿಸಿದಳು. ಪೂರ್ತಿ ಹಸಿರು.

"ಕುರಿ ಔಷಧ?"

ಮಾಳಪ್ಪ ಕಾಕಾ ಅಂಗಿ ತೋರಿಸಿದರು. ಎದೆಯಿಂದ ಕೆಳಗೆ ಬೆಳ್ಳಗಿನ ಕಲೆ.

"ನಂದು ಮಾತ್ರ ಹೋಗೇತ್ರಿ," ಎಂದೆ. "ಗುಟುಕ್ಕಂದದ್ದು ನಾನ ಕೇಳೇನಿ."

ಡಾಕ್ಟರು ಗುಂಡ್ಯಾನ ಗದ್ದದ ಕೆಳಗಿನ ಕೂದಲಲ್ಲಿ ಚಿಮಟಿಗೆ ಆಡಿಸಿ, ನೊರೆಯಲ್ಲಿ ಅಂಟಿಕೊಂಡಿದ್ದ ಬಿಳಿಯ ಗುಳಿಗೆಯೊಂದನ್ನು ಎತ್ತಿ ಹಿಡಿದರು. "ಇದು ಯಾರದು?"

ಕಾಕು ನನ್ನನ್ನು ನೋಡಿದಳು. ಕಾಕಾ ನನ್ನನ್ನು ನೋಡಿದರು. ಅವ್ವ ಮಾತ್ರ ಬಹಳ ಮರ್ಯಾದೆಯಿಂದ ಗೋಡೆ ನೋಡಿದಳು.

"ಇವತ್ತ ಏನೂ ಕೊಡೂದು ಬ್ಯಾಡ," ಎಂದರು ಡಾಕ್ಟರು. "ಕುರಿ ಔಷಧ ಒಂದಿಷ್ಟು ಒಳಗ ಹೋಗಿದ್ರೂ ಹೋಗಿರಬಹುದು. ಮನಿ ಒಳಗ ಇಟಗೋರ್ರಿ. ಮುಂಜಾನೆ ತಾನ ಎದ್ದು ಹಾಲು ಕುಡಿದ್ರ ಪಾರಾದ ಅಂತ ತಿಳೀರಿ. ಹುಳದ ಮಾತು ಮುಂದಿನ ವಾರ."

ಆ ರಾತ್ರಿ ಅವನು ಉಸಿರಾಡಿದಾಗಲೆಲ್ಲ ನಾನೂ ಉಸಿರಾಡಿದೆ.

ಬೆಳಕು ಹರಿಯಿತು. ಗುಂಡ್ಯಾ ಎದ್ದು, ಮೈಮುರಿದು, ಬಟ್ಟಲಿನ ಹಾಲನ್ನು ತಳದವರೆಗೆ ನೆಕ್ಕಿದ. ನಾನು ಬಾಗಿಲು ತೆರೆದೆ. ಎಡಕ್ಕೆ ಕಾಕು, ಬಲಕ್ಕೆ ಕಾಕಾ, ಅವರ ಹಿಂದೆ ನಳದ ನೀರಿಗೆ ಸಾಲುಗಟ್ಟಿ ನಿಂತಿದ್ದ ಇಡೀ ಓಣಿ. ಎಲ್ಲರ ಕಣ್ಣೂ ನನ್ನ ಮೇಲೆ. ದುಪಟ್ಟಾ ಸರಿಪಡಿಸಿಕೊಂಡು, ಓಣಿಯ ನಟ್ಟನಡುವೆ ನಿಂತು, ಕಾಲೇಜಿನ ಕೊನೆಯ ಬೆಂಚಿಗೂ ಎಂದೂ ಕೇಳಿಸದ ನನ್ನ ದನಿಯನ್ನು ಪೂರ್ತಿ ಎತ್ತಿ ಕೂಗಿದೆ: "ಗುಂಡ್ಯಾ ಹಾಲು ಕುಡಿದಾನ್ರೀ! ಹುಳ ಎಲ್ಲಾ ಹಂಗ ಅದಾವ್ರೀ!"