ನಮ್ಮನೆಗೆ ಬಂದ ಟೆನಿಸ್ ಚಾಂಪಿಯನ್

ಹೊಟ್ಟೆಕಿಚ್ಚು ಪಡೋದಕ್ಕೂ ಒಂದು ಲೆಕ್ಕ ಇರಬೇಕು. ಪಕ್ಕದ ಮನೆಯವನು ಕಾರು ತಗೊಂಡ, ಓರಗೆಯವನಿಗೆ ಬಡ್ತಿ ಆಯಿತು, ಅಂಥದ್ದಕ್ಕೆ ಪಟ್ಟರೆ ಜನ ಒಪ್ಪುತ್ತಾರೆ. ನನ್ನ ಹಣೆಬರಹ ನೋಡಿ. ಶಿಕಾರಿಪುರದಲ್ಲಿ ಕೂತುಕೊಂಡು, ಏಳು ಸಮುದ್ರದಾಚೆ ಇರುವ, ನನ್ನ ಹೆಸರನ್ನೇ ಕೇಳಿರದ ಒಬ್ಬ ಟೆನಿಸ್ ಆಟಗಾರನ ಮೇಲೆ ಎಂಟು ವರ್ಷ ಹೊಟ್ಟೆ ಉರಿಸಿಕೊಂಡೆ. ಒಂದು ಉರಿ ಆರಿತು ಅನ್ನುವಷ್ಟರಲ್ಲಿ ಇನ್ನೊಂದು ಪ್ರಸಂಗ ಹುಟ್ಟಿಕೊಳ್ಳುತ್ತಿತ್ತು.

ನಾನು ಪರವಾನಗಿ ಇರುವ ಸರ್ವೆಯರ್. ಜಮೀನು ಅಳೆಯುವುದು ನನ್ನ ಕೆಲಸ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಬದುಗಳ ಮೇಲೆ ಇಪ್ಪತ್ತೈದು ವರ್ಷ ಓಡಾಡಿದ್ದೇನೆ. ಜಗಳಾಡುವ ಇಬ್ಬರ ನಡುವೆ ಗೆರೆ ಎಳೆದು ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ಹೊಟ್ಟೆಪಾಡು. ಅದಕ್ಕೆ ನನಗೆ ಬೇಸರ ಇಲ್ಲ. ನನಗಿದ್ದದ್ದು ಒಂದೇ ಆಸೆ. ಆ ಮನುಷ್ಯ ಟಿವಿಯಲ್ಲಿ ಬಂದಾಗ ನನ್ನ ಹೆಂಡತಿಯ ಕಣ್ಣು ಹೇಗಿರುತ್ತಿತ್ತೋ, ಅದೇ ಕಣ್ಣಲ್ಲಿ ಅವಳು ಒಂದೇ ಒಂದು ಸಲ ನನ್ನನ್ನೂ ನೋಡಬೇಕು.

ಮಣ್ಣು ಎಷ್ಟೊತ್ತಿಗೆ

ಅವನು ನಮ್ಮ ಮನೆ ಹೊಕ್ಕಿದ್ದು ನನ್ನ ಹೆಂಡತಿಯ ಕಾಲು ಮುರಿದಾಗ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದಳು, ಮೊಣಕಾಲಿನವರೆಗೆ ಪ್ಲಾಸ್ಟರ್ ಬಿತ್ತು. ಟಿವಿ ಮುಂದೆ ಮಂಚ ಹಾಕಿಕೊಟ್ಟು ನಾನು ಕೆಲಸಕ್ಕೆ ಹೋಗುತ್ತಿದ್ದೆ. ಧಾರಾವಾಹಿ ಎಷ್ಟು ಅಂತ ನೋಡುತ್ತಾಳೆ, ಒಂದು ದಿನ ಚಾನೆಲ್ ತಿರುಗಿಸುತ್ತಾ ತಿರುಗಿಸುತ್ತಾ ಟೆನಿಸ್ ಹತ್ತಿರ ನಿಂತಿದ್ದಾಳೆ. ಇದೆಲ್ಲ ಆಗ ನನಗೆ ಗೊತ್ತಿಲ್ಲ.

ಅವತ್ತು ಅಂಜನಾಪುರದ ಗದ್ದೆಯಲ್ಲಿ ಅಳತೆ ಮುಗಿಸಿ, ಮೊಣಕಾಲುದ್ದ ಕೆಸರು ಮಾಡಿಕೊಂಡು ಮನೆಗೆ ಬಂದರೆ ಕರೆಂಟಿಲ್ಲ, ಟಿವಿ ಬಂದ್. ಇವಳು ಮಂಚದ ಮೇಲೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳೆ. ಪಕ್ಕದಲ್ಲಿ ಮೊಬೈಲು.

"ಏನಾಯ್ತೇ?" ಅಂದೆ.

"ಹೋಯ್ತು ರೀ, ಎಲ್ಲಾ ಮುಗೀತು. ಪಾಪ, ಕೊನೇವರೆಗೂ ಎಷ್ಟು ಒದ್ದಾಡಿದ್ರು" ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಅಳತೊಡಗಿದಳು.

ಅವಳ ತವರು ಸೊರಬ ತಾಲ್ಲೂಕಿನ ಹೊಸಬಾಳೆ. ಆ ವಾರ ನಮ್ಮ ಅತ್ತೆಗೆ ಜ್ವರ ಅಂತ ಕೇಳಿದ್ದೆ. ಅದೇ ಇರಬೇಕು ಅಂದುಕೊಂಡೆ. ಅಳುವವಳನ್ನು ಮತ್ತೆ ಮತ್ತೆ ಕೇಳುವುದು ಹೇಗೆ? ಅಂಗಳಕ್ಕೆ ಬಂದು, ಕೆಸರುಗಾಲಲ್ಲೇ ನಿಂತು ಭಾಮೈದನಿಗೆ ಫೋನ್ ಹಚ್ಚಿದೆ. ಆ ಕಡೆ ಎತ್ತಿದ ಕೂಡಲೇ ದನಿ ತಗ್ಗಿಸಿ, "ಮಣ್ಣು ಎಷ್ಟೊತ್ತಿಗೆ ಇಟ್ಕೊಂಡೀರಿ? ನಾವು ಬರೋತನಕ ತಡೀರಿ, ಇವಳಿಗೆ ಕಾಲು ಬೇರೆ ಹೀಗಾಗಿದೆ" ಅಂದೆ.

ಫೋನ್ ಎತ್ತಿದ್ದು ಅತ್ತೆ. ಅವರು ಹೇಳಿದರು: "ಜ್ವರ ಬಿಟ್ಟೈತೆ ಅಳಿಯಂದ್ರೆ. ನಿಮಗೆ ಅಷ್ಟು ಅರ್ಜೆಂಟ್ ಇದ್ರೆ ಹೇಳಿ, ನೋಡಾಣ."

ಬಾಜುದಾರರ ಹೇಳಿಕೆ

ಇವಳು ಮೊಬೈಲಿನಲ್ಲಿ ನೋಡಿ ಅತ್ತದ್ದು ಆ ಆಟಗಾರನ ಸೋಲಿಗೆ. ಅವತ್ತು ಐದು ಸೆಟ್ ಆಡಿ ಸೋತು, ಎಲ್ಲರ ಮುಂದೆ ಕಣ್ಣೀರು ಹಾಕಿದವನು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದ. ಪ್ಲಾಸ್ಟರ್ ಬಿಚ್ಚಿದರೂ ಅವನು ಹೋಗಲಿಲ್ಲ. ಅವನ ಪಂದ್ಯ ಇದ್ದ ದಿನ ಬೀದಿಯ ಹೆಂಗಸರೆಲ್ಲ ನಮ್ಮ ಮನೆಯ ಪಡಸಾಲೆಯಲ್ಲಿ. ನಾನು ಬಂದರೆ ಕೂರಲು ಜಾಗ ಇಲ್ಲ, ಹೊಸ್ತಿಲ ಹೊರಗೆ ಚಪ್ಪಲಿ ಬಿಡಲೂ ಜಾಗ ಇಲ್ಲ.

ಜಮೀನು ಅಳೆಯುವಾಗ ನಮ್ಮಲ್ಲೊಂದು ಪದ್ಧತಿ ಇದೆ. ಅಕ್ಕಪಕ್ಕದ ಜಮೀನಿನವರನ್ನು ಕರೆಸಿ, ಅವರ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಳ್ಳಬೇಕು. ಅವರಿಗೆ ಬಾಜುದಾರರು ಅಂತೀವಿ. ಒಂದು ದಿನ ರೇಗಿಹೋಗಿ ನಾನು ಅದೇ ಪದ್ಧತಿ ಹಿಡಿದೆ. ಜೇಬಿನಿಂದ ಪುಸ್ತಕ ತೆಗೆದು, "ಅಲ್ರೀ, ಇವನಲ್ಲಿ ಅಂಥದ್ದೇನು ಕಂಡಿರಿ? ಒಬ್ಬೊಬ್ಬರಾಗಿ ಹೇಳಿ, ಬರ್ಕೋತೀನಿ" ಅಂತ ಕೂತೆ.

ಎಡಗಡೆ ಮನೆಯಾಕೆ ಹೇಳಿದರು: "ಗೆದ್ದರೆ ಮೊದಲು ಸೋತವನ ಹತ್ತಿರ ಹೋಗಿ ಹೆಗಲ ಮೇಲೆ ಕೈ ಹಾಕ್ತಾರೆ. ನಮ್ಮನೆಯವರು ಇಸ್ಪೀಟಲ್ಲಿ ಗೆದ್ದರೆ ಸೋತವನ ಮನೆ ಮುಂದೆ ಗಾಡಿ ನಿಲ್ಲಿಸಿ ಹಾರ್ನ್ ಹೊಡೀತಾರೆ."

ಬಲಗಡೆ ಮನೆಯಾಕೆ: "ಬಾಲು ನೆಟ್ಟಿಗೆ ತಾಗಿ ಆ ಕಡೆ ಬಿದ್ದು ಪಾಯಿಂಟ್ ಬಂದರೆ ಕೈ ಎತ್ತಿ ತಪ್ಪಾಯ್ತು ಅಂತಾರೆ ಕಣ್ರೀ. ತಪ್ಪು ಮಾಡದೇ ತಪ್ಪಾಯ್ತು ಅನ್ನೋ ಗಂಡಸನ್ನ ನಾನು ಇದುವರೆಗೆ ನೋಡಿಲ್ಲ. ತಪ್ಪು ಮಾಡಿ ಅನ್ನೋರನ್ನೂ ನೋಡಿಲ್ಲ, ಆ ಮಾತು ಬೇರೆ."

ಎದುರುಮನೆ ಅಜ್ಜಿ: "ಬೆವರು ಒರೆಸಿದ ಟವೆಲ್ಲು ತಾನೇ ಮಡಚಿ ಇಡ್ತಾನೆ ಮಗಾ. ನಂಗೆ ಅಷ್ಟೇ ಸಾಕು."

ನಾನು ಆ ಹೊತ್ತಿಗೆ ಹಾಕಿಕೊಂಡಿದ್ದ ಟವೆಲ್ಲನ್ನು ಮೆಲ್ಲಗೆ ಹೆಗಲಿಂದ ತೆಗೆದು ಹಿಂದೆ ಇಟ್ಟುಕೊಂಡೆ. ಕೊನೆಗೆ ನನ್ನ ಹೆಂಡತಿಯ ಕಡೆ ತಿರುಗಿದೆ. ಅವಳು ನನ್ನ ಮುಖ ನೋಡದೆ ಹೇಳಿದಳು: "ನಾನು ಕಾಲು ಮುರ್ಕೊಂಡು ಮಲಗಿದ್ದಾಗ ಇವರೂ ಮೊಣಕಾಲು ಆಪರೇಷನ್ ಮಾಡಿಸ್ಕೊಂಡು ವಾಪಸ್ ಬಂದಿದ್ರು. ಇವರು ಓಡೋದು ನೋಡ್ತಾ ನೋಡ್ತಾ, ನಾನೂ ಎದ್ದು ಓಡಾಡ್ತೀನಿ ಅನ್ನಿಸ್ತು. ಮನೇಲಿ ಆ ಧೈರ್ಯ ಹೇಳೋರು ಬೇರೆ ಯಾರಿದ್ರು?"

ನನಗೆ ಚುರುಕ್ ಅಂತು. ಆ ಆರು ವಾರ ನಾನು ಎರಡು ತಾಲ್ಲೂಕಿನ ಬದು ಸುತ್ತುತ್ತಿದ್ದೆ. ಮಾತು ಬದಲಾಯಿಸಬೇಕಲ್ಲ, "ಅದೆಲ್ಲ ಸರಿ, ಇವನ ಆಟದ ಬಗ್ಗೆ ಯಾರೂ ಒಂದು ಮಾತೂ ಹೇಳಲಿಲ್ಲವಲ್ಲ" ಅಂದೆ.

ಅಜ್ಜಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಆಟ ಯಾರು ನೋಡ್ತಾರೆ ಮಗಾ?"

ಒಂದಡಿ ಜಾಗ

ಒಂದು ಪಂದ್ಯದಲ್ಲಿ ಎದುರಾಳಿ ಹೊಡೆದ ಚೆಂಡು ಗೆರೆಯ ಹೊರಗೆ ಬಿತ್ತು ಅಂತ ಅಂಪೈರ್ ಹೇಳಿದ. ನಮ್ಮ ಮಹಾನುಭಾವ ಹೋಗಿ, "ಇಲ್ಲ, ಒಳಗೇ ಬಿದ್ದಿತ್ತು" ಅಂತ ಪಾಯಿಂಟ್ ಬಿಟ್ಟುಕೊಟ್ಟ. ಅಷ್ಟೇ. ನಮ್ಮ ಮನೆಯಲ್ಲಿ ಮೂರು ದಿನ ಅದೇ ಮಾತು. ರೊಟ್ಟಿ ಬಡಿಯುವಾಗ ಅದೇ, ಬಡಿಸುವಾಗ ಅದೇ. "ನಿಮ್ಮ ಬದುವಿನ ಮೇಲೆ ಹೀಗೆ ಹೇಳೋರು ಒಬ್ಬರಾದ್ರೂ ಸಿಕ್ಕಿದಾರಾ?" ಅಂತ ನನ್ನನ್ನೇ ಕೇಳಿದಳು. ಸಿಕ್ಕಿಲ್ಲ. ಗೆರೆ ಮೇಲೆ ಜೀವ ತೇಯ್ದವನು ನಾನು, ಹೆಸರು ಅವನಿಗೆ.

ಅದೇ ವಾರ ನಮ್ಮ ಮನೆ ಹಿಂದಿನವರು ಕಾಂಪೌಂಡ್ ಕಟ್ಟಿಸಲು ಹೊರಟರು. ಹಗ್ಗ ಹಿಡಿದುಕೊಂಡು ಬಂದು, "ಸರ್ವೆಯರ್ರೇ, ನಿಮ್ಮ ಗಡಿ ಇಲ್ಲಿಗಾ, ಅಥವಾ ಒಂದಡಿ ಈಚೆಗಾ?" ಅಂದರು. ಗಡಿ ಎಲ್ಲಿ ಅಂತ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಹಿತ್ತಲ ಬಾಗಿಲಲ್ಲಿ ಇವಳು ನಿಂತಿದ್ದಳು. ನಾನು ಎದೆ ಉಬ್ಬಿಸಿ, ಕೈ ಎತ್ತಿ, "ಒಂದಡಿ ಈಚೆಗೇ ಕಟ್ಕೊಳ್ರಿ, ಅದು ನಿಮ್ಮದೇ" ಅಂದೆ. ಅವರು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಮೆಲ್ಲಗೆ ಬಾಗಿಲ ಕಡೆ ತಿರುಗಿದೆ, ಆ ಕಣ್ಣು ನೋಡೋಣ ಅಂತ.

ಆ ಕಣ್ಣು ಕೆಂಪಗಿತ್ತು. "ಅವರು ಬಿಟ್ಟಿದ್ದು ತಮ್ಮದಲ್ಲದ ಪಾಯಿಂಟು ರೀ. ನೀವು ಬಿಟ್ಟಿದ್ದು ನಮ್ಮಪ್ಪ ಕೊಟ್ಟ ಸೈಟು."

ಮಾರನೆಯ ದಿನ ಬೆಳಿಗ್ಗೆ ಟೇಪು ಹಿಡಿದುಕೊಂಡು ಹಿಂದಿನ ಮನೆಗೆ ಹೋಗಿ, ನಿನ್ನೆ ಕಣ್ಣಂದಾಜಿನಲ್ಲಿ ಹೇಳಿದ್ದು, ಅಳತೆಯಲ್ಲಿ ಒಂದಡಿ ವ್ಯತ್ಯಾಸ ಬರುತ್ತಿದೆ ಅಂತ ತಲೆ ಕೆರೆದುಕೊಂಡೆ. ಅವರು ಒಳ್ಳೆಯವರು, ಹಗ್ಗ ಹಿಂದಕ್ಕೆ ಕಟ್ಟಿದರು. ಆಮೇಲೆ ಕೇಳಿದರು: "ಅಲ್ಲ ಸಾರ್, ಹೋದ ವರ್ಷ ನಮ್ಮ ಹೊಲ ಅಳೆದಿದ್ದೂ ನೀವೇ ಅಲ್ವಾ? ಅದನ್ನೂ ಇನ್ನೊಂದ್ಸಲ ಅಳೀತೀರಾ?"

ತಲೆಪಟ್ಟಿ

ಗುಣದಲ್ಲಿ ಆಗಲಿಲ್ಲ, ರೂಪದಲ್ಲಾದರೂ ಪೈಪೋಟಿ ಕೊಡೋಣ ಅಂತ ಶಿವಮೊಗ್ಗಕ್ಕೆ ಹೋದಾಗ ಆಟದ ಸಾಮಾನಿನ ಅಂಗಡಿಯಲ್ಲಿ ಹಣೆಗೆ ಕಟ್ಟುವ ಬಿಳಿ ಪಟ್ಟಿ ತಂದೆ. ಅವನು ಕಟ್ಟುತ್ತಾನಲ್ಲ, ಅಂಥದ್ದೇ. ಬೆಳಿಗ್ಗೆ ಅದನ್ನು ಹಾಕಿಕೊಂಡು ಅಡುಗೆಮನೆಯಲ್ಲಿ ಎರಡು ಸಲ ಸುಮ್ಮನೆ ಓಡಾಡಿದೆ. ಇವಳು ಒಲೆಯಿಂದ ತಲೆ ಎತ್ತಿ, "ತಲೆನೋವಾ? ಬಾಮು ಕಿಟಕಿ ಮೇಲಿದೆ ನೋಡಿ" ಅಂದಳು.

ಹಟಕ್ಕೆ ಬಿದ್ದು ಹಾಗೇ ಬೈಕ್ ಹತ್ತಿ ಆನವಟ್ಟಿ ಕಡೆ ಹೊರಟೆ. ಅಲ್ಲಿ ಇಬ್ಬರು ದಾಯಾದಿಗಳ ಹೊಲ. ನಾಲ್ಕು ಸಲ ಅಳೆದು ಗಡಿಗೆ ಬಾಂದುಗಲ್ಲು ನೆಟ್ಟಿದ್ದೆ, ನಾಲ್ಕು ಸಲವೂ ನನ್ನ ಬೈಕು ಊರು ದಾಟುವಷ್ಟರಲ್ಲಿ ಕಿತ್ತು ಹಾಕಿದ್ದರು. ಅವತ್ತು ನನ್ನನ್ನು ಕಂಡ ಕೂಡಲೇ ಇಬ್ಬರ ಮುಖವೂ ಬಿಳಿಚಿಕೊಂಡಿತು. ದೊಡ್ಡವನು ನನ್ನನ್ನು ಮರದ ಮರೆಗೆ ಕರೆದುಕೊಂಡು ಹೋಗಿ, "ಯಾರು ಹೊಡೆದ್ರು ಸಾರ್? ಆ ನನ್ಮಗನೇ ತಾನೇ? ನನಗೂ ಅದಕ್ಕೂ ಏನೂ ಸಂಬಂಧ ಇಲ್ಲ" ಅಂದ. ಆಗ ನನಗೆ ತಲೆಪಟ್ಟಿ ನೆನಪಾಯಿತು. ಗಾಯಕ್ಕೆ ಕಟ್ಟಿದ ಬಟ್ಟೆ ಅಂದುಕೊಂಡಿದ್ದಾನೆ. ನಿಜ ಹೇಳಲು ನಾಚಿಕೆಯಾಗಿ, "ಇರಲಿ ಬಿಡಿ, ಆಗಿದ್ದು ಆಗ್ಹೋಯ್ತು" ಅಂದೆ. ಅದು ಇನ್ನೂ ಕೆಲಸ ಕೆಡಿಸಿತು, ಅಥವಾ ಕೆಲಸ ಮಾಡಿತು. ಸ್ವಲ್ಪ ಹೊತ್ತಿಗೆ ಚಿಕ್ಕವನೂ ಬಂದು ಅದೇ ಮಾತು, "ದೇವರಾಣೆ ಸಾರ್, ನಮ್ಮ ಕಡೆಯೋರು ಯಾರೂ ಅಲ್ಲ. ಪೊಲೀಸು ಗಿಲೀಸು ಬೇಡ."

ಅವತ್ತು ಟೇಪಿನ ಎರಡು ತುದಿಯನ್ನು ಅವರಿಬ್ಬರೇ ಹಿಡಿದರು. ಕಲ್ಲನ್ನು ಅವರೇ ಹೊತ್ತು ತಂದು ನೆಟ್ಟರು. ಇಬ್ಬರ ಮನೆಯಿಂದಲೂ ಮಜ್ಜಿಗೆ ಬಂತು. ಆ ಕಲ್ಲು ಇವತ್ತಿಗೂ ಅಲ್ಲೇ ಇದೆ.

ಮನೆಗೆ ಬಂದು ಹುರುಪಿನಿಂದ ಇವಳಿಗೆ ಹೇಳಿದೆ. ಈ ಸಲ ಅವಳ ಕಣ್ಣು ನಿಜವಾಗಿಯೂ ಅರಳಿತು. "ಬರೀ ಪಟ್ಟಿಗೇ ಇಷ್ಟು ಶಕ್ತಿ ಇದ್ರೆ, ಅವರಿಗೆ ಎಷ್ಟಿರಬೇಕು ರೀ" ಅಂದಳು.

ಅರ್ಧ ಕೇಜಿ ಜಿಲೇಬಿ

ಕೊನೆಗೂ ಒಂದು ದಿನ ಅವನು ಆಟ ಬಿಡುತ್ತೇನೆ ಅಂತ ಹೇಳಿದ. ಸುದ್ದಿ ಕೇಳಿದಾಗ ನಾನು ಗದ್ದೆಯ ಬದುವಿನ ಮೇಲಿದ್ದೆ. ಸುಳ್ಳು ಯಾಕೆ ಹೇಳಲಿ, ಹಾರಿ ಕುಣಿಯುವಷ್ಟು ಖುಷಿಯಾಯಿತು. ಎಂಟು ವರ್ಷದ ಬಾಡಿಗೆದಾರ ಮನೆ ಖಾಲಿ ಮಾಡುತ್ತಿದ್ದಾನೆ. ಅವನ ಕೊನೆಯ ಪಂದ್ಯದ ದಿನ ಸಂಜೆ ಅರ್ಧ ಕೇಜಿ ಜಿಲೇಬಿ ಕಟ್ಟಿಸಿಕೊಂಡು ಬೇಗ ಮನೆಗೆ ಬಂದೆ. ಇವಳು ಅಳುತ್ತಾಳೆ, ಸಮಾಧಾನ ಮಾಡೋಣ, ಇನ್ನು ಮುಂದೆ ಈ ಮನೆಯಲ್ಲಿ ನೋಡಲು ಗಂಡಸು ಅಂತ ಇರುವುದು ನಾನೊಬ್ಬನೇ ಅಂತೆಲ್ಲ ಲೆಕ್ಕ ಹಾಕಿದ್ದೆ.

ನೋಡಿದರೆ ಇವಳು ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಆರಾಮಾಗಿ ಸುಲಿಯುತ್ತಿದ್ದಾಳೆ. "ಬೇಜಾರಿಲ್ವಾ?" ಅಂದೆ. "ಎಂತ ಬೇಜಾರು ಮಾರಾಯ್ರೆ, ಎಲ್ಲರೂ ಒಂದಿನ ಬಿಡಲೇಬೇಕಲ್ಲ. ಮನೆಗೆ ಹೋಗಿ ಹೆಂಡ್ತಿ ಮಕ್ಕಳ ಜೊತೆ ಇರಲಿ" ಅಂದಳು.

ನಾನು ಜಿಲೇಬಿ ಪೊಟ್ಟಣ ತೊಡೆ ಮೇಲೆ ಇಟ್ಟುಕೊಂಡು, ಅವನು ಸೋಲುವುದನ್ನು ಕಣ್ತುಂಬ ನೋಡಲು ಕೂತೆ. ಸೋತ. ಯಾರೋ ನಿನ್ನೆ ಮೊನ್ನೆ ಬಂದ ಹುಡುಗನ ಎದುರು ಸೋತ. ಹುಡುಗನ ಹೆಗಲ ಮೇಲೆ ಕೈ ಹಾಕಿದ. ಆಮೇಲೆ ಒಬ್ಬನೇ ನಡೆದು ಹೋಗಿ, ಬಗ್ಗಿ, ಅಂಗಳದ ಬಿಳಿ ಗೆರೆಯನ್ನು ಅಂಗೈಯಿಂದ ಮುಟ್ಟಿದ. ಯಾರೋ ಮೈಕ್ ಕೊಟ್ಟರು. ಟವೆಲ್ಲು ಮಡಚಿ ಪಕ್ಕಕ್ಕಿಟ್ಟು ಅದನ್ನು ತಗೊಂಡ.

ಅವನ ಎಡಗಾಲು ಯಾವಾಗ ನೋಯುತ್ತದೆ, ಯಾವ ಹೊಡೆತ ತಪ್ಪಿದರೆ ಮೂಗು ಉಜ್ಜಿಕೊಳ್ಳುತ್ತಾನೆ, ಎಲ್ಲಾ ನನಗೆ ಗೊತ್ತು. ಸೋಲಲಿ ಸೋಲಲಿ ಅಂತ ಕಾಯುತ್ತಾ ಎಂಟು ವರ್ಷ ಅವನ ಒಂದು ಪಂದ್ಯವನ್ನೂ ನಾನು ಬಿಟ್ಟಿರಲಿಲ್ಲ. ಇನ್ನು ಯಾರ ಮೇಲೆ ಹೊಟ್ಟೆಕಿಚ್ಚು ಪಡಲಿ ಅನ್ನಿಸಿತೋ ಏನೋ, ಅಳು ಬಂತು, ತಡೆಯಲು ನೋಡಿದೆ, ಆಗಲಿಲ್ಲ. ಪಡಸಾಲೆಯಲ್ಲಿ ಕೂತು ಹೋ ಅಂತ ಅತ್ತುಬಿಟ್ಟೆ. ಜಿಲೇಬಿ ಪೊಟ್ಟಣದ ಮೇಲೆ ಟಪಟಪ ಅಂತ ಕಣ್ಣೀರು.

ಅವರೆಕಾಯಿ ಸುಲಿಯುವ ಸದ್ದು ನಿಂತಿತು. ಇವಳು ನನ್ನನ್ನೇ ನೋಡುತ್ತಿದ್ದಳು.

"ನಮ್ಮಪ್ಪ ಹೋದಾಗ ನಿಮ್ಮ ಕಣ್ಣಲ್ಲಿ ಒಂದು ಹನಿ ಇರಲಿಲ್ಲ" ಅಂದಳು. "ನನ್ನ ಕಾಲು ಮುರಿದಾಗ, ಎಷ್ಟು ವಾರ ಆಗುತ್ತೆ ಅಂತ ಡಾಕ್ಟರನ್ನ ಕೇಳಿದ್ರಿ. ಅಷ್ಟೇ. ಈಗ ಯಾವನೋ ಪರದೇಶದವನಿಗೆ ಹೀಗೆ ಅಳ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ?"

"ಅದಲ್ಲ ಕಣೇ..."

"ಎಂತ ಅದಲ್ಲ? ನಾನು ಸತ್ರೂ ನೀವು ಹೀಗೆ ಅಳಲ್ಲ, ನಂಗೊತ್ತು." ಎದ್ದು ಬಂದವಳೇ ಪಟ್ ಅಂತ ಟಿವಿ ಆರಿಸಿದಳು. "ಅವನೇನು ದಿನಾ ಬೆಳಿಗ್ಗೆ ಎದ್ದು ನಿಮಗೆ ರೊಟ್ಟಿ ಬಡಿದು ಹಾಕ್ತಿದ್ನಾ? ನಿಮ್ಮ ಕೆಸರು ಪ್ಯಾಂಟು ಒಗೀತಿದ್ನಾ?"

ಎಂಟು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಆ ಮನುಷ್ಯ 'ಅವನು' ಆಗಿದ್ದ. ಅವಳ ಮೂಗಿನ ತುದಿ ಕೆಂಪಾಗಿತ್ತು. ಆ ಕೆಂಪು ಎಂಥ ಹೊಟ್ಟೆಉರಿಯದ್ದು ಅಂತ ಈ ಶಿಕಾರಿಪುರದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿಲ್ಲ.

ಒಳಗಿನಿಂದ ಟವೆಲ್ ತಂದು ನನ್ನ ಮೇಲೆ ಎಸೆದು, "ಒರೆಸ್ಕೊಳ್ಳಿ" ಅಂದಳು. ನಾನು ಒರೆಸಿಕೊಳ್ಳದೆ ಹಾಗೇ ಕೂತೆ, ಇನ್ನೂ ಸ್ವಲ್ಪ ಹೊತ್ತು ಬಯ್ಯಲಿ ಅಂತ.